ಚೆಲುವಿನ ಸೂಜಿಯೂ ಪರಸ್ಥಳದ ಒಂಟಿ ಕೋಣೆಯೂ

ದಿಲ್ಲಿಯ ಉತ್ತರ ಭಾಗದಲ್ಲಿರುವ ಮುಖರ್ಜಿ ನಗರವು ಸ್ಪರ್ಧಾ ಪರೀಕ್ಷೆಗಳ ಒಂದು ದೊಡ್ಡ ಸಂತೆಯೆಂಬುದು ವಾಚಕರಿಗೆ ವಿದಿತವಿದೆ. ಬತ್ರಾ ಎಂಬ ಹಳೆಯ ಚಿತ್ರಮಂದಿರದ ಹೆಸರಿನಿಂದಲೇ ಗುರುತು ಹೇಳುವ ಆ ವೃತ್ತದ ಸುತ್ತಲೂ ಪಾಠದ ತರಗತಿಗಳ ಫಲಕಗಳು. ನೆಹರೂ ವಿಹಾರ, ಗಾಂಧಿ ವಿಹಾರಗಳ ಇಕ್ಕಟ್ಟಾದ ಮಹಡಿಗಳಲ್ಲಿ ಒಂದು ಮಂಚ, ಒಂದು ಮೇಜು ಹಿಡಿಸುವಷ್ಟೇ ಕೋಣೆಗಳು. ನಾನಾ ಪ್ರಾಂತಗಳ ತರುಣರೊಡನೆ ಕನ್ನಡ ನಾಡಿನ ತರುಣ ತರುಣಿಯರೂ ಅಲ್ಲಿ ಓದುತ್ತ ವರ್ಷಗಳನ್ನು ಕಳೆಯುತ್ತಾರೆ. ಇವರಿಗೆ ಈ ಮಹಾನಗರದಲ್ಲಿ ಬಂಧುವೆಂದು ಇರುವವನು ಹೆಚ್ಚಾಗಿ ಹೋಟೆಲಿನಲ್ಲಿ ದುಡಿಯುವ ಚಿಕ್ಕಪ್ಪನೋ, ಕಚೇರಿಯಲ್ಲಿ ಗುಮಾಸ್ತನಾಗಿರುವ ಭಾವನೋ, ಊರಿನ ಕಡೆಯ ಪರಿಚಯಸ್ಥನೋ ಆಗಿರುತ್ತಾನೆ. ಆದುದರಿಂದಲೇ ಈ ಲೇಖನವನ್ನು ಆ ಹುಡುಗರಿಗೆ ಎಷ್ಟೋ ಅಷ್ಟೇ ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತ ಬಂಧುಗಳಿಗೂ ಉದ್ದೇಶಿಸಿ ಬರೆಯುತ್ತಿದ್ದೇವೆ.

ವಿಷಯವು ಇದು. ಮುಖದ ಸುಕ್ಕನ್ನು ಅಳಿಸುವ, ತುಟಿಯನ್ನು ತುಂಬುವ, ಬಣ್ಣವನ್ನು ತಿಳಿಗೊಳಿಸುವ ಚುಚ್ಚುಮದ್ದುಗಳೂ, ಹೊಟ್ಟೆ, ತೊಡೆ, ಎದೆಗಳ ಕೊಬ್ಬನ್ನು ಹೀರಿ ತೆಗೆದು ಮೈಗೆ ಆಕಾರ ಕೊಡುವ ಶಸ್ತ್ರಕ್ರಿಯೆಗಳೂ ಹಿಂದೆ ಚಿತ್ರತಾರೆಯರ ಭೋಗವೆನಿಸಿದ್ದವು. ಈಗ ಅವುಗಳ ಜಾಹೀರಾತು ಪ್ರತಿಯೊಬ್ಬರ ಕೈಯ ಮೊಬೈಲಿಗೆ ಬರುತ್ತದೆ. ಹಣವಿಲ್ಲದವನಿಗೆ ತಿಂಗಳ ಕಂತಿನ ಆಮಿಷವೂ ಜೊತೆಗಿರುತ್ತದೆ. ಸಂದರ್ಶನಕ್ಕೆ ಮುನ್ನ, ಮದುವೆಗೆ ಮುನ್ನ, ಹೊಸ ನೌಕರಿಗೆ ಮುನ್ನ ರೂಪವನ್ನು ತಿದ್ದಿಸಿಕೊಳ್ಳೋಣವೆಂಬ ಆಸೆ ಹುಟ್ಟುವುದು ಸ್ವಾಭಾವಿಕ. ಅದನ್ನು ಪಾಪವೆನ್ನಲು ನಾವು ಹೊರಟಿಲ್ಲ. ಆದರೆ ಆ ಆಸೆಯೊಡನೆ ಒಂದು ಗುಟ್ಟೂ ಸೇರಿಕೊಳ್ಳುತ್ತದೆ. ಊರಿನವರಿಗೆ ತಿಳಿಯದಂತೆ, ಕೋಣೆಯ ಜೊತೆಗಾರನಿಗೂ ಹೇಳದೆ, ಒಬ್ಬನೇ ಹೋಗಿ ಮಾಡಿಸಿಕೊಂಡು ಬರುವ ಗುಟ್ಟು ಅದು. ಅಪಾಯವು ಬಹುಮಟ್ಟಿಗೆ ಈ ಗುಟ್ಟಿನಲ್ಲಿಯೇ ಅಡಗಿದೆ ಎಂಬುದನ್ನು ತಿಳಿಸುವುದೇ ನಮ್ಮ ಉದ್ದೇಶ.

ಬೆಂಗಳೂರಿನ ಒಂದು ದುರಂತ

೨೦೨೨ನೆಯ ಮೇ ೧೬ರಂದು ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಅವರು ತೀರಿಕೊಂಡ ಸುದ್ದಿಯನ್ನು ವಾಚಕರು ಮರೆತಿರಲಾರರು. ಅವರ ವಯಸ್ಸು ಕೇವಲ ೨೧. ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗಾಗಿ ಅಂದು ಒಂದು ಖಾಸಗಿ ಚಿಕಿತ್ಸಾಲಯವನ್ನು ಸೇರಿದವರು ಆ ರಾತ್ರಿಯನ್ನು ಕಾಣಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕೆಟ್ಟಿತೆಂದೂ, ಬೇರೊಂದು ಆಸ್ಪತ್ರೆಗೆ ಸಾಗಿಸಿದರೂ ಪ್ರಾಣ ಉಳಿಯಲಿಲ್ಲವೆಂದೂ ಪತ್ರಿಕೆಗಳು ವರದಿ ಮಾಡಿದವು. ಮನೆಯವರಿಗೆ ತಿಳಿಸದೆ ಅವರು ಹೋಗಿದ್ದರೆಂಬ ಸಂಗತಿಯೂ, ಅಲ್ಲಿ ತಕ್ಕ ಸಲಕರಣೆಗಳಿರಲಿಲ್ಲವೆಂಬ ತಂದೆತಾಯಿಗಳ ದೂರೂ ಹೊರಬಂದವು. ತಪ್ಪು ಯಾರದೆಂದು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಹೆತ್ತವರಿರುವ ಊರಿನಲ್ಲಿಯೇ ಹೀಗಾದರೆ, ಎರಡು ರಾತ್ರಿಗಳ ರೈಲು ಪ್ರಯಾಣದಷ್ಟು ದೂರದ ದಿಲ್ಲಿಯಲ್ಲಿ, ಯಾರಿಗೂ ಹೇಳದೆ ಹೋದವನ ಗತಿ ಏನು ಎಂಬುದಷ್ಟೇ ನಮ್ಮ ಪ್ರಶ್ನೆ.

ಕೊಬ್ಬು ಹೀರುವುದೆಂದರೇನು?

ಲೈಪೊಸಕ್ಷನ್ ಎಂಬುದು ತೂಕ ಇಳಿಸುವ ಉಪಾಯವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು ಕಲ್ಪನೆ. ತೂಕವು ಸ್ಥಿರವಾಗಿದ್ದು, ವ್ಯಾಯಾಮ ಪಥ್ಯಗಳಿಗೂ ಬಗ್ಗದೆ ಒಂದೆರಡು ಕಡೆ ಮಾತ್ರ ನಿಂತ ಕೊಬ್ಬನ್ನು ತೆಗೆದು ಆಕಾರವನ್ನು ತಿದ್ದುವುದಷ್ಟೇ ಅದರ ಕೆಲಸ. ಚರ್ಮದ ಕೆಳಗೆ ಲವಣಜಲದಲ್ಲಿ ಬೆರೆಸಿದ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದನ್ನೂ, ರಕ್ತಸ್ರಾವವನ್ನು ತಡೆಯುವ ಅಡ್ರಿನಲಿನ್ನನ್ನೂ ತುಂಬಿ, ಸಣ್ಣ ರಂಧ್ರದ ಮೂಲಕ ಕೊಳವೆಯನ್ನು ತೂರಿಸಿ ಕೊಬ್ಬನ್ನು ಹೀರುತ್ತಾರೆ. ಈ ಕ್ರಮವನ್ನು ೧೯೮೦ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್. ಇದರಿಂದ ರಕ್ತನಷ್ಟವು ಬಹಳ ಕಡಿಮೆಯಾಯಿತು. ತಕ್ಕ ವೈದ್ಯನ ಕೈಯಲ್ಲಿ, ತಕ್ಕ ರೋಗಿಗೆ, ತಕ್ಕ ಸ್ಥಳದಲ್ಲಿ ಮಾಡಿದಾಗ ಹೆಚ್ಚಿನವರು ಕ್ಷೇಮವಾಗಿ ಮನೆಗೆ ಮರಳುತ್ತಾರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಆದರೆ ಅಪಾಯಗಳು ಯಾವಾಗ ಬರುತ್ತವೆ ಎಂಬುದನ್ನು ಗಮನಿಸಬೇಕು. ಒಳಗೆ ತುಂಬಿದ ದ್ರವ ಮಿತಿ ಮೀರಿದರೆ ಶ್ವಾಸಕೋಶದಲ್ಲಿ ನೀರು ಸೇರುವುದು ಶಸ್ತ್ರಕ್ರಿಯೆಯ ದಿನವೇ ಆಗಬಹುದು. ಲಿಗ್ನೊಕೇನ್ ರಕ್ತದಲ್ಲಿ ಅತ್ಯಂತ ಹೆಚ್ಚಿನ ಪ್ರಮಾಣಕ್ಕೆ ಏರುವುದು ಸುಮಾರು ೧೨ ಗಂಟೆಗಳ ಅನಂತರ, ಅಂದರೆ ರೋಗಿಯು ತನ್ನ ಕೋಣೆಗೆ ಬಂದು ಮಲಗಿರುವ ವೇಳೆಗೆ. ಕೊಬ್ಬಿನ ಕಣಗಳು ರಕ್ತನಾಳವನ್ನು ಹೊಕ್ಕು ಶ್ವಾಸಕೋಶವನ್ನೋ ಮಿದುಳನ್ನೋ ಕೆಡಿಸುವ ವಿಕಾರವು ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ ತಲೆದೋರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹಾರುವ ಭಯವು ಕೆಲವು ವಾರಗಳವರೆಗೂ ಇರುತ್ತದೆ. ಅಂದಮೇಲೆ ವೈದ್ಯನ ಮೇಜಿನಿಂದ ಎದ್ದು ಬಂದೊಡನೆ ಗಂಡಾಂತರ ಕಳೆಯಿತೆನ್ನುವಂತಿಲ್ಲ. ನಡುರಾತ್ರಿಯಲ್ಲಿ ಉಸಿರು ಸಿಕ್ಕಿಕೊಂಡಾಗ, ಬುದ್ಧಿ ಮಂಕಾದಾಗ, ಬಾಗಿಲನ್ನು ಒಳಗಿನಿಂದ ಭದ್ರಪಡಿಸಿಕೊಂಡು ಮಲಗಿರುವವನಿಗೆ ತನ್ನ ಸ್ಥಿತಿಯೇ ತನಗೆ ತಿಳಿಯಲಾರದು. ಪಕ್ಕದಲ್ಲಿ ಒಬ್ಬರು ಇರಬೇಕೆಂದು ವೈದ್ಯರು ಹೇಳುವುದು ಉಪಚಾರಕ್ಕಾಗಿ ಮಾತ್ರವಲ್ಲ, ಕಾವಲಿಗಾಗಿ.

ಒಂದೇ ಸಲಕ್ಕೆ ಐದು ಲೀಟರಿಗಿಂತ ಹೆಚ್ಚು ಹೀರುವುದನ್ನು ದೊಡ್ಡ ಪ್ರಮಾಣದ ಶಸ್ತ್ರಕ್ರಿಯೆಯೆಂದು ಎಣಿಸಿ, ರಾತ್ರಿಯಿಡೀ ನಿಗಾ ಇಡುವ ಆಸ್ಪತ್ರೆಯಲ್ಲಿಯೋ ಮಾನ್ಯತೆ ಪಡೆದ ಚಿಕಿತ್ಸಾಲಯದಲ್ಲಿಯೋ ಮಾಡತಕ್ಕದ್ದೆಂದು ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘವು ವಿಧಿಸಿದೆ. ಒಂದೇ ದಿನದಲ್ಲಿ ಹೊಟ್ಟೆ, ಬೆನ್ನು, ತೊಡೆ, ತೋಳು ಎಲ್ಲವನ್ನೂ ಮುಗಿಸಿಕೊಡುತ್ತೇವೆ, ಸಂಜೆಗೆ ಮನೆಗೆ ಹೋಗಬಹುದು ಎಂದು ಹೇಳುವವರನ್ನು ಕಂಡರೆ ಹಿಂದೆ ಸರಿಯುವುದೇ ಲೇಸು.

ತರುಣರು ನಾಚಿಕೆಯಿಂದ ಮರೆಮಾಚುವ ಇನ್ನೊಂದು ಸಂಗತಿಯುಂಟು. ಗಂಡುಮಕ್ಕಳಲ್ಲಿ ಎದೆಯ ಭಾಗವು ಉಬ್ಬುವ ಗೈನಕೊಮಾಸ್ಟಿಯಾ ಎಂಬ ಸ್ಥಿತಿ ಪ್ರಾಯಕ್ಕೆ ಬರುವ ಕಾಲದಲ್ಲಿ ಬಹು ಸಾಮಾನ್ಯ. ಹಲವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಕೆಲವೊಮ್ಮೆ ಔಷಧಿಗಳಿಂದಲೂ, ವ್ಯಾಯಾಮಶಾಲೆಗಳಲ್ಲಿ ಕದ್ದು ಮಾರುವ ಸ್ಟೆರಾಯ್ಡ್‌ಗಳಿಂದಲೂ, ವಿರಳವಾಗಿ ಗ್ರಂಥಿಯ ರೋಗದಿಂದಲೂ ಉಂಟಾಗುತ್ತದೆ. ಕಾರಣವನ್ನು ಶೋಧಿಸದೆ ನೇರವಾಗಿ ಕತ್ತಿ ಹಿಡಿಯುವವನ ಬಳಿಗೆ ಹೋಗಬಾರದು. ಮೊದಲು ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತೋರಿಸಿದರೆ ಅರ್ಧ ಚಿಂತೆ ಅಲ್ಲಿಯೇ ಕಳೆದೀತು.

ಸೂಜಿಯ ಮಾತು

ಸೂಜಿ ಚಿಕ್ಕದಾದ ಮಾತ್ರಕ್ಕೆ ಅದರ ಕೆಲಸವೂ ಚಿಕ್ಕದೆಂದು ಬಗೆಯಬಾರದು. ಬೊಟಾಕ್ಸ್ ಎಂದು ಜನರು ಕರೆಯುವ ಔಷಧವು ಬೊಟುಲಿನಮ್ ಎಂಬ ಅತ್ಯುಗ್ರ ವಿಷದ ಅತ್ಯಲ್ಪ ಅಂಶ. ಅಮೆರಿಕದಲ್ಲಿ ೧೯೮೯ರಲ್ಲಿ ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಗಳಿಗೆಂದು ಇದಕ್ಕೆ ಅನುಮತಿ ದೊರೆಯಿತು; ಹುಬ್ಬುಗಳ ನಡುವಿನ ಗೆರೆಗೆ ಅನುಮತಿ ದೊರೆತದ್ದು ೨೦೦೨ರಲ್ಲಿ. ಸ್ನಾಯುವನ್ನು ಸಡಿಲಿಸಿ ಗೆರೆಯನ್ನು ಮರೆಮಾಡುವ ಇದರ ಪರಿಣಾಮವು ಮೂರು ನಾಲ್ಕು ತಿಂಗಳುಗಳದ್ದು. ಮತ್ತೆ ಮತ್ತೆ ಹಣ ಸುರಿಯಬೇಕು. ಗರ್ಭಿಣಿಯರೂ, ಮೊಲೆಯೂಡುವ ತಾಯಂದಿರೂ, ನರಸ್ನಾಯುಗಳ ರೋಗವುಳ್ಳವರೂ ಇದರಿಂದ ದೂರವಿರಬೇಕು. ಚುಚ್ಚಿಸಿಕೊಂಡ ಕೆಲವು ಗಂಟೆಗಳಿಂದ ಕೆಲವು ವಾರಗಳೊಳಗೆ ನುಂಗಲು, ಮಾತನಾಡಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಗ್ಗದ ಖೋಟಾ ಮಾಲಿನ ಹಾವಳಿಯು ಶ್ರೀಮಂತ ದೇಶಗಳನ್ನೂ ಬಿಟ್ಟಿಲ್ಲ: ೨೦೨೪ರಲ್ಲಿ ಅಮೆರಿಕದ ೧೧ ಸಂಸ್ಥಾನಗಳಲ್ಲಿ ೨೨ ಮಂದಿಗೆ ಖೋಟಾ ಅಥವಾ ಅಪಾತ್ರರು ಹಾಕಿದ ಇಂತಹ ಚುಚ್ಚುಮದ್ದಿನಿಂದ ಬಾಧೆಯಾಯಿತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಪ್ರಕಟಿಸಿತು.

ತುಟಿ, ಗಲ್ಲ, ಮೂಗುಗಳನ್ನು ತುಂಬಲು ಬಳಸುವ ಫಿಲ್ಲರ್‌ಗಳ ಅಪಾಯವು ಬೇರೆ ಬಗೆಯದು. ಮದ್ದು ರಕ್ತನಾಳದೊಳಗೆ ಹೊಕ್ಕರೆ ರಕ್ತದ ಹರಿವು ನಿಂತು ಚರ್ಮ ಕೊಳೆಯಬಹುದು. ಕಣ್ಣಿನ ನಾಳವನ್ನು ಮುಟ್ಟಿದರೆ ದೃಷ್ಟಿಯೇ ಹೋಗಬಹುದು. ಮೂಗು ಮತ್ತು ಹುಬ್ಬುಗಳ ನಡುವಿನ ಸ್ಥಾನಗಳು ಈ ದೃಷ್ಟಿಯಿಂದ ಅತ್ಯಂತ ಭಯಾವಹ. ಹಯಲೂರಾನಿಕ್ ಆಮ್ಲದ ಫಿಲ್ಲರಾದರೆ ಅದನ್ನು ಕರಗಿಸುವ ಹಯಲೂರೊನಿಡೇಸ್ ಎಂಬ ಮದ್ದುಂಟು. ಬೇರೆ ಬಗೆಯವಕ್ಕೆ ಅಂತಹ ಮದ್ದಿಲ್ಲ. ಆ ಮದ್ದು ಅಲ್ಲಿಯೇ ಇದೆಯೇ, ಅದನ್ನು ಬಳಸಬಲ್ಲ ವೈದ್ಯನು ಎದುರಿಗಿದ್ದಾನೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಚುಚ್ಚಿದ ಜಾಗ ಬಿಳಿಚಿದರೆ, ಜಾಲರಿಯಂತೆ ನೀಲಿಗಟ್ಟಿದರೆ, ತಡೆಯಲಾರದ ನೋವಾದರೆ, ಕಣ್ಣು ಮಬ್ಬಾದರೆ ನಾಳೆ ನೋಡೋಣವೆಂದು ಮಲಗುವಂತಿಲ್ಲ.

ಬಣ್ಣ ತಿಳಿಗೊಳಿಸುವುದೆಂದು ರಕ್ತನಾಳಕ್ಕೆ ಕೊಡುವ ಗ್ಲುಟಥಯೋನ್ ಚುಚ್ಚುಮದ್ದಿನ ಬಗೆಗೆ ಫಿಲಿಪೈನ್ಸ್ ದೇಶದ ಔಷಧಾಡಳಿತವು ೨೦೧೧ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಶುಚಿತ್ವದ ವಿಷಯದಲ್ಲಂತೂ ಒಂದು ನಿದರ್ಶನವೇ ಸಾಕು: ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಒಂದು ಸೌಂದರ್ಯ ಕೇಂದ್ರದಲ್ಲಿ ತಮ್ಮದೇ ರಕ್ತದ ಅಂಶವನ್ನು ಮುಖಕ್ಕೆ ಚುಚ್ಚಿಸಿಕೊಂಡ ಹೆಂಗಸರಿಗೆ ಎಚ್.ಐ.ವಿ. ತಗುಲಿತು, ೨೦೧೮ರಲ್ಲಿ ಬೆಳಕಿಗೆ ಬಂದ ಈ ಪ್ರಕರಣದ ಸವಿವರ ವರದಿಯು ೨೦೨೪ರಲ್ಲಿ ಪ್ರಕಟವಾಯಿತು. ಸೀಸೆಯ ಮೇಲಿನ ಹೆಸರು, ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ಓದಿ, ಸೂಜಿಯೂ ಸೀಸೆಯೂ ನಮ್ಮೆದುರಿಗೇ ಬಿಚ್ಚಲ್ಪಡುವುದನ್ನು ನೋಡುವ ಹಕ್ಕು ನಮಗಿದೆ. ಹೋಟೆಲಿನಲ್ಲಿ ಹಾಲಿನ ವಾಸನೆ ನೋಡಿಯೇ ಒಲೆಗಿಡುವ ನಮ್ಮ ಬಂಧುಗಳಿಗೆ ಈ ಜಾಗರೂಕತೆಯನ್ನು ಹೇಳಿಕೊಡಬೇಕಾಗಿಲ್ಲ.

ಯಾರು, ಎಲ್ಲಿ, ಯಾವ ಮಹಡಿಯಲ್ಲಿ?

ಬಿಳಿ ಅಂಗಿ ತೊಟ್ಟವರೆಲ್ಲ ವೈದ್ಯರಲ್ಲ, ವೈದ್ಯರೆಲ್ಲ ಶಸ್ತ್ರವೈದ್ಯರಲ್ಲ. ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಗೆ ಪ್ಲಾಸ್ಟಿಕ್ ಶಸ್ತ್ರವೈದ್ಯಶಾಸ್ತ್ರದಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪಡೆದವರನ್ನು ಅರಸಬೇಕು, ಮುಖದ ಚುಚ್ಚುಮದ್ದಿಗೆ ಅವರನ್ನಾಗಲಿ, ಅರ್ಹ ಚರ್ಮವೈದ್ಯರನ್ನಾಗಲಿ ಕಾಣಬೇಕು. ವೈದ್ಯನು ತನ್ನ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧಿಯ ಚೀಟಿಯಲ್ಲಿಯೂ ರಸೀದಿಯಲ್ಲಿಯೂ ನಮೂದಿಸತಕ್ಕದ್ದೆಂದು ೨೦೦೨ರ ವೈದ್ಯಕೀಯ ನೀತಿಸಂಹಿತೆ ವಿಧಿಸಿದೆ. ಆ ಸಂಖ್ಯೆಯನ್ನು ಬರೆದುಕೊಂಡು ರಾಷ್ಟ್ರೀಯ ವೈದ್ಯಕೀಯ ಆಯೋಗದ ದಾಖಲೆಯಲ್ಲಿ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಕೂದಲು ನೆಡುವ ಶಸ್ತ್ರಕ್ರಿಯೆಯ ಬಗ್ಗೆ ಇದೇ ಆಯೋಗವು ೨೦೨೨ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಕಾರ್ಯಾಗಾರಗಳನ್ನೋ ಯೂಟ್ಯೂಬನ್ನೋ ನೋಡಿ ಕಲಿತರೆ ಸಾಲದೆಂದು ಸ್ಪಷ್ಟವಾಗಿ ಹೇಳಬೇಕಾಗಿ ಬಂದಿತೆಂದರೆ, ಹೊರಗಿನ ಪರಿಸ್ಥಿತಿ ಎಂತಹುದೆಂದು ಊಹಿಸಬಹುದು.

ಸ್ಥಳದ ವಿಚಾರದಲ್ಲಿ ಮುಖರ್ಜಿ ನಗರವೇ ನಮಗೊಂದು ಪಾಠವನ್ನು ಕಲಿಸಿದೆ. ೨೦೨೩ನೆಯ ಜೂನ್ ೧೫ರಂದು ಅಲ್ಲಿನ ಪಾಠದ ತರಗತಿಗಳಿದ್ದ ಕಟ್ಟಡವೊಂದಕ್ಕೆ ಬೆಂಕಿ ತಗುಲಿದಾಗ ವಿದ್ಯಾರ್ಥಿಗಳು ಮೇಲಿನ ಮಹಡಿಯ ಕಿಟಕಿಗಳಿಂದ ತಂತಿ, ಹಗ್ಗಗಳನ್ನು ಹಿಡಿದು ಇಳಿದ ದೃಶ್ಯವನ್ನು ದೇಶವೇ ನೋಡಿತು. ಫಲಕದ ಅಂದವನ್ನು ನೋಡುವ ಮೊದಲು ಮೆಟ್ಟಿಲನ್ನು ನೋಡಬೇಕೆಂಬುದೇ ಆ ಪಾಠ. ಚಿಕಿತ್ಸಾಲಯವು ಮೂರನೆಯ ಮಹಡಿಯಲ್ಲಿದ್ದರೆ, ಪ್ರಜ್ಞೆ ತಪ್ಪಿದ ರೋಗಿಯನ್ನು ಮಲಗಿಸಿದಂತೆಯೇ ಕೆಳಗಿಳಿಸಲು ದಾರಿಯಿದೆಯೇ? ಪ್ರಾಣವಾಯುವಿನ ವ್ಯವಸ್ಥೆ, ಹೃದಯವನ್ನು ಮರುಚಾಲನೆಗೊಳಿಸುವ ಯಂತ್ರ, ಕೊನೆಯವರೆಗೂ ಅಲ್ಲಿಯೇ ಇರುವ ಅರಿವಳಿಕೆ ವೈದ್ಯ, ಇವೆಲ್ಲ ಇವೆಯೇ? ತುರ್ತಾದರೆ ಯಾವ ಆಸ್ಪತ್ರೆಯವರು ರೋಗಿಯನ್ನು ಸೇರಿಸಿಕೊಳ್ಳುತ್ತಾರೆ? ಶಸ್ತ್ರಕ್ರಿಯೆಗೆಂದು ಆ ಸ್ಥಳಕ್ಕೆ ಪರವಾನಗಿ ಉಂಟೇ? ಈ ಪ್ರಶ್ನೆಗಳಿಗೆ ನಗುತ್ತ ಉತ್ತರಿಸದವರ ಬಳಿ ಮುಂಗಡ ಹಣವನ್ನು ಕಟ್ಟಬಾರದು.

ಮುಂಚಿತವಾಗಿ ಮಾಡಬೇಕಾದ ಏರ್ಪಾಡು

ಕಾಲದ ಏರ್ಪಾಡು ಮೊದಲನೆಯದು. ಶಸ್ತ್ರಕ್ರಿಯೆಯ ಅನಂತರ ನಾಲ್ಕರಿಂದ ಆರು ವಾರಗಳ ಕಾಲ ಬಿಗಿಯುಡುಪನ್ನು ಧರಿಸಬೇಕಾಗುತ್ತದೆ. ದಿಲ್ಲಿಯ ಮೇ, ಜೂನ್ ತಿಂಗಳುಗಳ ೪೦ ಡಿಗ್ರಿಗೂ ಮೀರಿದ ಧಗೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಅದನ್ನು ತೊಟ್ಟಿರುವುದು ಎಂತಹ ಶಿಕ್ಷೆಯೆಂದು ಯೋಚಿಸಬೇಕು. ಊತ ಇಳಿಯಲು ತಿಂಗಳುಗಳೇ ಬೇಕಾದುದರಿಂದ, ಮುಂದಿನ ವಾರದ ಮದುವೆಗೋ ಸಂದರ್ಶನಕ್ಕೋ ಫಲ ದೊರೆಯಲಾರದು. ಕುಳಿತು ಬರೆಯುವ ಗುಮಾಸ್ತನು ಒಂದು ವಾರದಲ್ಲಿ ಕೆಲಸಕ್ಕೆ ಮರಳಿದರೂ, ಹಂಡೆ ಎತ್ತುವ, ದಿನವಿಡೀ ನಿಂತಿರುವ ಹೋಟೆಲು ನೌಕರನು ತಿಂಗಳಿಗೂ ಮೀರಿ ಭಾರದ ಕೆಲಸವನ್ನು ಬಿಡಬೇಕಾದೀತು. ಅಷ್ಟು ದಿನಗಳ ಪಗಾರ ಕಡಿತವನ್ನೂ ಖರ್ಚಿನಲ್ಲಿ ಸೇರಿಸಿ ಲೆಕ್ಕ ಹಾಕಬೇಕು. ರೈಲಿನಲ್ಲಿ ಎರಡು ರಾತ್ರಿ ಕುಳಿತು ಬಂದೊಡನೆ ಶಸ್ತ್ರಕ್ರಿಯೆಗೆ ಹೋಗುವುದೂ, ಮುಗಿದೊಡನೆ ಊರಿಗೆ ರೈಲು ಹತ್ತುವುದೂ ರಕ್ತ ಹೆಪ್ಪುಗಟ್ಟುವುದಕ್ಕೆ ಎಡೆ ಮಾಡಿಕೊಡುತ್ತವೆ.

ಎರಡನೆಯದು ದೇಹದ ಏರ್ಪಾಡು. ಬೀಡಿ, ಸಿಗರೇಟು, ತಂಬಾಕುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನುಂಗುತ್ತಿರುವ ಪ್ರತಿಯೊಂದು ಗುಳಿಗೆಯನ್ನೂ, ಆಸ್ಪಿರಿನ್ನನ್ನೂ ನಾಟಿ ಔಷಧವನ್ನೂ ಬಿಡದೆ, ವೈದ್ಯನಿಗೆ ಹೇಳಬೇಕು. ಮನೆತನದಲ್ಲಿ ರಕ್ತ ಹೆಪ್ಪುಗಟ್ಟುವ ರೋಗವಿದ್ದರೆ ಅದನ್ನೂ ತಿಳಿಸಬೇಕು. ಇಲ್ಲಿಯೂ ಗುಟ್ಟು ಅಡ್ಡ ಬರುತ್ತದೆ. ಊರಿನಲ್ಲಿರುವ ತಾಯಿಯನ್ನು ಕೇಳದೆ ಮನೆತನದ ರೋಗದ ಸಂಗತಿ ಹುಡುಗನಿಗೆ ತಿಳಿಯುವುದಾದರೂ ಹೇಗೆ?

ಮೂರನೆಯದು ಹಣದ ಏರ್ಪಾಡು. ಕೇವಲ ರೂಪಕ್ಕಾಗಿ ಮಾಡಿಸಿದ ಶಸ್ತ್ರಕ್ರಿಯೆಯ ಖರ್ಚನ್ನು ಆರೋಗ್ಯ ವಿಮೆಯು ಸಾಮಾನ್ಯವಾಗಿ ಕೊಡುವುದಿಲ್ಲ. ಚಿಕಿತ್ಸೆಗೆ ಸಲ್ಲುವ ಜಿ.ಎಸ್.ಟಿ. ವಿನಾಯಿತಿಯೂ ಇದಕ್ಕಿಲ್ಲ. ತೊಡಕಾಗಿ ತೀವ್ರ ನಿಗಾ ಘಟಕವನ್ನು ಸೇರಬೇಕಾದರೆ ಅದರ ಖರ್ಚು ಯಾರದೆಂಬುದನ್ನು ಬರೆಹದಲ್ಲಿ ಪಡೆಯಬೇಕು. ಸಮ್ಮತಿ ಪತ್ರವು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದು ಅರ್ಥವಾಗದಿದ್ದರೆ, ಬಲ್ಲವರಿಂದ ಓದಿಸಿಕೊಳ್ಳದೆ ರುಜು ಹಾಕಬಾರದು. ತನ್ನ ಚಿಕಿತ್ಸೆಯ ದಾಖಲೆಗಳನ್ನು ಕೇಳಿದ ೭೨ ಗಂಟೆಗಳೊಳಗೆ ಪಡೆಯುವ ಹಕ್ಕನ್ನು ಮೇಲೆ ಹೇಳಿದ ನೀತಿಸಂಹಿತೆಯು ರೋಗಿಗೆ ಕೊಟ್ಟಿದೆ. ಹಣ ಕೊಟ್ಟು ಪಡೆದ ವೈದ್ಯಸೇವೆಯೂ ಗ್ರಾಹಕ ಕಾಯಿದೆಯೊಳಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ರಸೀದಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ನಾಲ್ಕನೆಯದೂ ಮುಖ್ಯವಾದುದೂ ಜನರ ಏರ್ಪಾಡು. ಶಸ್ತ್ರಕ್ರಿಯೆಯ ದಿನ ಹೊರಗೆ ಕಾಯಲು ಒಬ್ಬರು, ಆ ರಾತ್ರಿಯೂ ಮರುದಿನವೂ ಕೋಣೆಯಲ್ಲಿ ಒಬ್ಬರು, ಊರಿನಲ್ಲಿ ಸಂಗತಿ ತಿಳಿದವರು ಒಬ್ಬರು, ಇಷ್ಟು ಜನ ಇಲ್ಲದಿದ್ದರೆ ದಿನಾಂಕವನ್ನು ಮುಂದೂಡಬೇಕು. ಉಸಿರುಗಟ್ಟುವುದು, ಎದೆನೋವು, ಒಂದೇ ಕಾಲು ಊದುವುದು, ಮಾತು ತಡವರಿಸುವುದು, ಜ್ವರ ಏರುವುದು ಇವುಗಳಲ್ಲಿ ಯಾವುದು ಕಂಡರೂ ೧೦೨ಕ್ಕೋ ೧೧೨ಕ್ಕೋ ಕರೆ ಮಾಡಬೇಕೆಂದು ಅವರಿಗೆ ಮೊದಲೇ ಹೇಳಿರಬೇಕು. ದಿಲ್ಲಿಗೆ ಹೊಸಬರಾದವರಿಗೆ ಇನ್ನೊಂದು ಸೂಚನೆ: ಮುಖರ್ಜಿ ನಗರಕ್ಕೆ ಸಮೀಪದ ಮೆಟ್ರೋ ನಿಲ್ದಾಣದ ಹೆಸರು ಗುರು ತೇಗ್ ಬಹಾದುರ್ ನಗರ, ಆದರೆ ಅದೇ ಹೆಸರಿನ ದೊಡ್ಡ ಆಸ್ಪತ್ರೆಯು ಅಲ್ಲಿಲ್ಲ. ಅದು ಯಮುನೆಯ ಆಚೆ ದಿಲ್‌ಶಾದ್ ಗಾರ್ಡನ್‌ನಲ್ಲಿದೆ. ಹತ್ತಿರದ ಸಾರ್ವಜನಿಕ ಆಸ್ಪತ್ರೆಗಳೆಂದರೆ ಗುಡ್ಡದ ಮೇಲಿನ ಹಿಂದೂರಾವ್ ಮತ್ತು ಜಹಾಂಗೀರಪುರಿಯ ಬಾಬು ಜಗಜೀವನರಾಮ್ ಆಸ್ಪತ್ರೆಗಳು. ಲೋಕನಾಯಕ, ಸಫ್ದರ್‌ಜಂಗ್ ಆಸ್ಪತ್ರೆಗಳಲ್ಲಿಯೂ ಏಮ್ಸ್‌ನಲ್ಲಿಯೂ ಪ್ಲಾಸ್ಟಿಕ್ ಶಸ್ತ್ರವೈದ್ಯ ವಿಭಾಗಗಳುಂಟು. ಖಾಸಗಿಯವರ ಮಾತನ್ನು ನಂಬುವ ಮುನ್ನ ಅಲ್ಲಿ ಒಂದು ಅಭಿಪ್ರಾಯವನ್ನು ಪಡೆಯುವುದು ಜಾಣತನ.

ಹಿರಿಯರಲ್ಲಿ ಒಂದು ವಿನಂತಿ

ರೂಪವನ್ನು ತಿದ್ದುವ ವಿದ್ಯೆಯು ಹೀನವಾದುದೆಂದು ಯಾರೂ ತಿಳಿಯದಿರಲಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಸಮೀಪದಲ್ಲಿ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಪಾಶ್ಚಾತ್ಯ ವೈದ್ಯರಿಗೆ ದಾರಿ ತೋರಿತು. ಸುಟ್ಟ ಗಾಯ, ಸೀಳುತುಟಿ, ಅಪಘಾತಗಳಿಂದ ನೊಂದವರಿಗೆ ಈ ವಿದ್ಯೆ ಇಂದೂ ವರದಾನವಾಗಿದೆ. ಅಪಹಾಸ್ಯಕ್ಕೆ ಹೆದರಿ ಹುಡುಗನೊಬ್ಬನು ಅಪಾತ್ರರ ಕೈಗೆ ಬೀಳುವಂತಾದರೆ ಆ ದೋಷದಲ್ಲಿ ಅಪಹಾಸ್ಯ ಮಾಡಿದ ನಮಗೂ ಪಾಲುಂಟು.

ಆದುದರಿಂದ ನಿಮ್ಮ ತಮ್ಮನೋ, ಅಕ್ಕನ ಮಗಳೋ, ಊರಿನವರ ಮಗನೋ ಇಂತಹ ಆಸೆಯನ್ನು ಹೇಳಿಕೊಂಡು ಬಂದರೆ ಗದರಿಸಬೇಡಿರಿ, ನಗಬೇಡಿರಿ. ಲೋಕಸೇವಾ ಆಯೋಗದ ಸಂದರ್ಶನಕ್ಕಿರುವ ೨೭೫ ಅಂಕಗಳಲ್ಲಿ ಗಲ್ಲದ ಆಕಾರಕ್ಕೆ ಒಂದೂ ಇಲ್ಲವೆಂದು ತಿಳಿಹೇಳಿರಿ. ಅಷ್ಟಾದರೂ ಮನಸ್ಸು ಬದಲಾಗದಿದ್ದರೆ ವೈದ್ಯನ ಸಂಖ್ಯೆಯನ್ನು ನೀವೇ ಪರೀಕ್ಷಿಸಿರಿ, ಮೆಟ್ಟಿಲನ್ನು ಹತ್ತಿ ನೋಡಿರಿ, ಮಾಲಿಕರಲ್ಲಿ ಕೇಳಿ ಒಂದು ದಿನದ ಪಾಳಿಯನ್ನು ಬದಲಿಸಿಕೊಂಡು ಆ ರಾತ್ರಿ ಅವರ ಕೋಣೆಯಲ್ಲಿ ಉಳಿಯಿರಿ. ಓದುವ ಮಕ್ಕಳೂ ಅಷ್ಟೇ: ಪರೀಕ್ಷೆಯ ಅರ್ಜಿಯಲ್ಲಿ ಪಾಲಕರ ಹೆಸರನ್ನು ಬರೆಯುವಾಗ ಯಾರನ್ನು ನೆನೆಯುತ್ತೀರೋ, ಈ ವಿಷಯದಲ್ಲಿಯೂ ಅವರನ್ನೇ ಮೊದಲು ಕೇಳಿರಿ ಎಂದು ನಾವು ಆಗ್ರಹಪೂರ್ವಕವಾಗಿ ವಿನಂತಿಸುತ್ತೇವೆ.